ಪರ್ಸುಗಳ್ಳನ ಕಪಾಟು

ಎರ್ಜೆಯ ‘ದಿ ಸೀಕ್ರೆಟ್ ಆಫ್ ದಿ ಯುನಿಕಾರ್ನ್’ ಶುರುವಾಗುವುದು ಹಳೇ ಸಾಮಾನಿನ ಸಂತೆಯಲ್ಲಿ. ನನ್ನ ಪ್ರತಿ ಸಿಕ್ಕಿದ್ದೂ ಅಂಥದ್ದೇ ಜಾಗದಲ್ಲಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಪರೀಕ್ಷೆಯ ಗೈಡುಗಳ ರಾಶಿಯೊಳಗೆ ಅದು ಸಿಕ್ಕಿಕೊಂಡಿತ್ತು. ಬೆನ್ನು ಹರಿದಿತ್ತು, ಮೊದಲ ಪುಟದಲ್ಲಿ ಯಾವುದೋ ಮಗುವಿನ ಹೆಸರಿತ್ತು. ಆಗ ಹತ್ತಿದ ಹುಚ್ಚು ಈಗ ಇಪ್ಪತ್ತೆರಡು ಟಿನ್‌ಟಿನ್ ಪುಸ್ತಕಗಳಿಗೆ ಬಂದು ನಿಂತಿದೆ. ಎರ್ಜೆ ಪೂರ್ತಿ ಮಾಡಿದ ಆಲ್ಬಂಗಳು 23. ನನ್ನಲ್ಲಿ ಇಲ್ಲದ್ದು ಒಂದೇ: ‘ಟಿನ್‌ಟಿನ್ ಇನ್ ದಿ ಕಾಂಗೋ’. ಅದನ್ನು ಕೊಳ್ಳಲೋ ಬೇಡವೋ ಎಂದು ತೀರ್ಮಾನವಾಗದೆ, ಮೊನ್ನೆ ‘ಯುನಿಕಾರ್ನ್’ ತೆಗೆದು ಮತ್ತೆ ಓದಿದೆ.

ಚಿಕ್ಕವನಿದ್ದಾಗ ನನಗೆ ಅದು ಕಡಲ್ಗಳ್ಳರ ಕತೆ. ಈಗ ಓದಿದರೆ ಅದು ಸಂಗ್ರಾಹಕರ ಕತೆ. ಟಿನ್‌ಟಿನ್ ಸಂತೆಯಲ್ಲಿ ಒಂದು ಹಡಗಿನ ಮಾದರಿ ಕೊಳ್ಳುತ್ತಾನೆ. ಮರುಗಳಿಗೆಯೇ ಅದನ್ನು ತಮಗೆ ಕೊಡೆಂದು ಇಬ್ಬರು ದುಂಬಾಲು ಬೀಳುತ್ತಾರೆ. ಅವರಲ್ಲೊಬ್ಬ ಸಖಾರಿನ್, ಹಡಗುಗಳ ಮಾದರಿಗಳನ್ನು ಪ್ರೀತಿಯಿಂದ ಕೂಡಿಡುವವನು. ಕತೆ ಮುಂದುವರಿದಂತೆ ಬರ್ಡ್ ಸೋದರರು ಬರುತ್ತಾರೆ. ಅವರು ಪುರಾತನ ವಸ್ತುಗಳ ವ್ಯಾಪಾರಿಗಳು. ಅವರಿಗೆ ಬೇಕಾದದ್ದು ಹಡಗಲ್ಲ, ಹಡಗಿನ ಕಂಬದೊಳಗೆ ಅಡಗಿರುವ ನಿಧಿಯ ಸುಳಿವು. ಇವರೆಲ್ಲರಿಗಿಂತ ವಿಚಿತ್ರದವನು ಅರಿಸ್ಟೈಡಿಸ್ ಸಿಲ್ಕ್. ನಿವೃತ್ತ ಸರ್ಕಾರಿ ನೌಕರ, ನೋಡಲು ಸಾಧು, ಆದರೆ ಪರ್ಸು ಕಂಡರೆ ಕೈ ಸುಮ್ಮನಿರುವುದಿಲ್ಲ. ಅವನದು ಹಣದಾಸೆಯಲ್ಲ, ಪರ್ಸುಗಳ ಮೋಹ. ಕದ್ದವನ್ನೆಲ್ಲ ಮಾಲೀಕರ ಹೆಸರಿನ ಅಕ್ಷರಕ್ರಮದಲ್ಲಿ ಕಪಾಟಿನಲ್ಲಿ ಜೋಡಿಸಿಡುತ್ತಾನೆ. ಎಲ್ಲರೂ ಹುಡುಕುತ್ತಿದ್ದ ಹಾಳೆಗಳು ಕೊನೆಗೆ ಆ ಕಪಾಟಿನ ಒಂದು ಪರ್ಸಿನಲ್ಲಿ ಸಿಗುತ್ತವೆ. ಅವನಿಗೆ ಬೇಕಾಗಿದ್ದದ್ದು ಪರ್ಸು, ಒಳಗಿನದಲ್ಲ.

ನಾನು ಪುಸ್ತಕ ಮುಚ್ಚಿದ್ದು ಅಲ್ಲೇ. ನನ್ನ ಕಪಾಟೂ ಹಾಗೇ ಇದೆಯಲ್ಲ ಅನ್ನಿಸಿತು. ಬಾಲ್ಯದ ನೆನಪಿಗೆಂದು ಕೂಡಿಟ್ಟ ಪುಸ್ತಕಗಳ ಒಳಗೇನಿದೆ ಎಂದು ನಾನು ನೋಡಿದ್ದು ಕಡಿಮೆ.

‘ಯುನಿಕಾರ್ನ್’ ಒಳಗೂ ಒಂದು ಕತೆ ಇದೆ. ಅದು 1942ರ ಜೂನ್‌ನಿಂದ ಧಾರಾವಾಹಿಯಾಗಿ ಬಂದದ್ದು ಬ್ರಸೆಲ್ಸಿನ ‘ಲ ಸ್ವಾರ್’ ಪತ್ರಿಕೆಯಲ್ಲಿ. ಆಗ ಬೆಲ್ಜಿಯಂ ನಾಜಿಗಳ ವಶದಲ್ಲಿತ್ತು, ಪತ್ರಿಕೆ ಅವರ ಹಿಡಿತದಲ್ಲಿತ್ತು. ಜನ ಅದನ್ನು ‘ಕದ್ದ ಸ್ವಾರ್’ ಎಂದೇ ಕರೆಯುತ್ತಿದ್ದರು. ಇದಕ್ಕೆ ಸ್ವಲ್ಪ ಮುಂಚೆ ಅದೇ ಪತ್ರಿಕೆಯಲ್ಲಿ ಬಂದ ‘ದಿ ಶೂಟಿಂಗ್ ಸ್ಟಾರ್’ನ ಖಳ ಬ್ಲುಮೆನ್‌ಸ್ಟೈನ್ ಎಂಬ ಬ್ಯಾಂಕರ್, ಯಹೂದಿಗಳ ಹೀನ ವ್ಯಂಗ್ಯಚಿತ್ರ. ಮುಂದಿನ ಮುದ್ರಣಗಳಲ್ಲಿ ಅವನ ಹೆಸರು ಬದಲಾಯಿತು. ಅದರ ಮಗ್ಗುಲಲ್ಲೇ ಬಂದ ನಿಧಿ ಬೇಟೆಯ ಮುಗ್ಧತೆ ಎಲ್ಲಿಂದ ಬಂತು? ಹೊರಗಿನದೇನನ್ನೂ ಒಳಗೆ ಬಿಟ್ಟುಕೊಳ್ಳದಿದ್ದರಿಂದ ಬಂತು. ಇದರಿಂದ ‘ಯುನಿಕಾರ್ನ್’ ಕೆಟ್ಟ ಪುಸ್ತಕವಾಗುವುದಿಲ್ಲ. ಹ್ಯಾಡಕ್ ತನ್ನ ಪೂರ್ವಜನ ಕತೆ ಹೇಳುತ್ತ ಹೇಳುತ್ತ ತಾನೇ ಆ ಪೂರ್ವಜನಾಗಿ ಕತ್ತಿ ಬೀಸುವ ಪುಟಗಳಿಗೆ ನಾನು ಈಗಲೂ ನಗುತ್ತೇನೆ. ಆದರೆ ಆ ನಗುವಿಗೊಂದು ತಾರೀಖು ಇದೆ ಎಂಬುದೀಗ ಗೊತ್ತು.

‘ಕಾಂಗೋ’ ವಿಷಯವೂ ಇದೇ. ಇಂಗ್ಲಿಷ್ ಅನುವಾದಗಳಲ್ಲಿ ಟಿನ್‌ಟಿನ್ ಓದಿದ ನನ್ನ ವಾರಗೆಯವರಿಗೆ ಆ ಪುಸ್ತಕ ಇದೆಯೆಂದೇ ಗೊತ್ತಿರಲಿಲ್ಲ. 1931ರ ಆ ಆಲ್ಬಂನ ಕಪ್ಪು-ಬಿಳುಪು ರೂಪ ಇಂಗ್ಲಿಷಿಗೆ ಬಂದದ್ದು 1991ರಲ್ಲಿ, ಬಣ್ಣದ್ದು 2005ರಲ್ಲಿ. ನಮ್ಮ ಬಾಲ್ಯದ ಟಿನ್‌ಟಿನ್ ಅಷ್ಟು ನಿರ್ಮಲನಾಗಿದ್ದರೆ ಅದಕ್ಕೆ ಕಾರಣ ನಮ್ಮ ಮುಗ್ಧತೆಯಷ್ಟೇ ಅಲ್ಲ, ಪ್ರಕಾಶಕರ ಪಟ್ಟಿಯೂ ಹೌದು. ಮೂಲದಲ್ಲಿ ಟಿನ್‌ಟಿನ್ ಕಾಂಗೋದ ಮಕ್ಕಳಿಗೆ ಬೆಲ್ಜಿಯಂ ಅವರ ದೇಶವೆಂದು ಪಾಠ ಮಾಡುತ್ತಾನೆ. 1946ರ ಬಣ್ಣದ ಆವೃತ್ತಿಯಲ್ಲಿ ಆ ಪಾಠ ಲೆಕ್ಕದ ಪಾಠವಾಯಿತು. ಕರಿಯರನ್ನು ಪೆದ್ದರಂತೆ ಬರೆದ ಚಿತ್ರಗಳು ಮಾತ್ರ ಉಳಿದವು. ಪರದೇಶದವರು ಬಂದು ಪಾಠ ಹೇಳಿದ ನೆನಪಿರುವ ನಾಡಿನ ಓದುಗ ಇದನ್ನು ಹಳೇ ಕಾಲದ ತಮಾಷೆಯೆಂದು ದಾಟಿಹೋಗಲಾರ.

ಇಷ್ಟಾದರೂ ಅದನ್ನು ಕೊಳ್ಳುವುದೆಂದೇ ತೀರ್ಮಾನಿಸಿದ್ದೇನೆ. ಸೆಟ್ ಪೂರ್ತಿಯಾಗಲಿ ಎಂದಲ್ಲ. 1934ರಲ್ಲಿ ಬ್ರಸೆಲ್ಸಿನಲ್ಲಿ ಕಲೆ ಕಲಿಯುತ್ತಿದ್ದ ಚಾಂಗ್ ಎಂಬ ಚೀನೀ ತರುಣನ ಪರಿಚಯ ಎರ್ಜೆಗಾಯಿತು. ಆಮೇಲೆ ಬರೆದ ‘ದಿ ಬ್ಲೂ ಲೋಟಸ್’ನಲ್ಲಿ ಅವನು ಚೀನೀಯರನ್ನು ಕಣ್ಣುಬಿಟ್ಟು ನೋಡಲು ಕಲಿತ. ಆ ಕಲಿಕೆ ಎಷ್ಟು ದೊಡ್ಡದು, ಎಷ್ಟು ಅರೆಬರೆಯದು ಎಂದು ಅಳೆಯಲು ‘ಕಾಂಗೋ’ ಪಕ್ಕದಲ್ಲಿರಬೇಕು. ‘ಶೂಟಿಂಗ್ ಸ್ಟಾರ್’ ಕೂಡ ಇರಬೇಕು. ‘ಯುನಿಕಾರ್ನ್’ನ ಮೂರು ಹಾಳೆಗಳು ಬಿಡಿಬಿಡಿಯಾಗಿದ್ದಾಗ ಏನನ್ನೂ ಹೇಳುವುದಿಲ್ಲ. ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗಲೇ ಜಾಗ ಯಾವುದೆಂದು ತಿಳಿಯುತ್ತದೆ.

ಒಂದು ಮಾತು ಹೇಳುವುದು ಉಳಿದಿತ್ತು. ಅಷ್ಟು ಸಂಗ್ರಾಹಕರ ನಡುವೆ ಟಿನ್‌ಟಿನ್ ಆ ಹಡಗು ಕೊಂಡದ್ದು ಗೆಳೆಯ ಹ್ಯಾಡಕ್‌ಗೆ ಕೊಡಲೆಂದು. ನನ್ನ ಕಪಾಟಿಗೂ ಚಿಕ್ಕವರು ಕೈಹಾಕತೊಡಗಿದ್ದಾರೆ. ಅವರು ‘ಕಾಂಗೋ’ ಎತ್ತಿಕೊಂಡ ದಿನ ನಾನು ಪಕ್ಕದಲ್ಲಿ ಕೂತು ಓದಬೇಕು.