ಅಗಲದ ಕಾಲಿಗೆ ಉದ್ದದ ಬೂಟು

ಸಾಸ್ವೆಹಳ್ಳಿ ಹೋಬಳಿಯವರಿಗೆ ಬೆಟ್ಟ ದೂರದ ಮಾತಲ್ಲ. ತೀರ್ಥರಾಮೇಶ್ವರ ನೆರೆಯ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಶಿವಮೊಗ್ಗ ದಾಟಿದರೆ ಕೊಡಚಾದ್ರಿ, ತರೀಕೆರೆ ದಾರಿ ಹಿಡಿದರೆ ಮುಳ್ಳಯ್ಯನಗಿರಿ. ಮೊದಲೆಲ್ಲ ಇವಕ್ಕೆಂದೇ ಯಾರೂ ಬೂಟು ಕೊಂಡವರಲ್ಲ. ಇದ್ದ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಜಾರುವ ಕಡೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಈಗ ಕಾಲ ಬೇರೆ. ಅರಣ್ಯ ಇಲಾಖೆಯ ಚಾರಣದ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮುಂಚಿತವಾಗಿ ಕಾಯ್ದಿರಿಸುತ್ತೇವೆ, ಬೂಟನ್ನು ಮಾತ್ರ ಹೊರಡುವ ಹಿಂದಿನ ದಿನ ಹೊನ್ನಾಳಿಗೋ ಶಿವಮೊಗ್ಗಕ್ಕೋ ಓಡಿಹೋಗಿ ತರುತ್ತೇವೆ. ದುಡ್ಡಿಗೆ ಹಿಂದೆಮುಂದೆ ನೋಡುವುದಿಲ್ಲ. ಆದರೂ ಬೆಟ್ಟ ಇಳಿದು ಬರುವಾಗ ಗುಂಪಿನಲ್ಲಿ ಯಾರಾದರೊಬ್ಬರು ಕುಂಟುತ್ತಲೇ ಇರುತ್ತಾರೆ, ಕಂಪನಿಯನ್ನು ಬೈಯುತ್ತಲೇ ಇರುತ್ತಾರೆ. ನನ್ನ ಲೆಕ್ಕದಲ್ಲಿ ದೋಷವಿರುವುದು ನಾವು ಬೂಟು ಕೊಳ್ಳುವ ಕ್ರಮದಲ್ಲಿ.

ಆ ಕ್ರಮ ಹೇಗಿದೆ ನೋಡಿ. ಬೆಳಗ್ಗೆ ಹನ್ನೊಂದರ ಹೊತ್ತು. “ಎಷ್ಟನೇ ನಂಬರ್ ಸಾರ್?” “ಎಂಟು.” ಪೆಟ್ಟಿಗೆ ಬಂತು. ಗಿರಾಕಿ ಸ್ಟೂಲಿನ ಮೇಲೆ ಕೂತಲ್ಲಿಂದ ಏಳುವುದಿಲ್ಲ. ಬರಿಗಾಲಿಗೆ, ಅದೂ ಬಲಗಾಲಿಗೆ ಮಾತ್ರ, ಬೂಟು ಏರುತ್ತದೆ. ಅಂಗಡಿಯ ಹುಡುಗ ತುದಿಯನ್ನು ಹೆಬ್ಬೆರಳಿನಿಂದ ಅದುಮಿ ನೋಡುತ್ತಾನೆ. ಪಕ್ಕದಲ್ಲಿ ಬಿಗಿ ಆಗ್ತಿದೆ ಎಂದರೆ ಅವನ ಬಳಿ ಇರುವುದು ಎರಡೇ ಉತ್ತರ. “ಹಾಕ್ಕೆಂತ ಹಾಕ್ಕೆಂತ ಲೂಸಾಗ್ತತೆ ಬಿಡ್ರಿ” ಎಂಬುದು ಒಂದು. “ಒಂಬತ್ತು ಕೊಡ್ಲಾ?” ಎಂಬುದು ಇನ್ನೊಂದು.

ಮೊದಲನೆಯ ಮಾತು ತೊಗಲಿನ ಮೆಟ್ಟಿನ ಕಾಲದ್ದು. ಹೊಸ ಮೆಟ್ಟು ಕಚ್ಚಿದರೆ ಹರಳೆಣ್ಣೆ ಸವರಿ ನಾಲ್ಕು ದಿನ ಓಡಾಡುತ್ತಿದ್ದರು, ತೊಗಲು ಮೆತ್ತಗಾಗಿ ಕಾಲಿನ ಆಕಾರಕ್ಕೆ ಬಗ್ಗುತ್ತಿತ್ತು. ಈಗಿನ ಬೂಟಿನ ಮೈ ನೈಲಾನ್ ಬಲೆ, ಅದರ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿ. ಅದಕ್ಕೆ ಎಣ್ಣೆಯೂ ಹತ್ತದು, ದಾಕ್ಷಿಣ್ಯವೂ ಇಲ್ಲ. ಅಂಗಡಿಯಲ್ಲಿ ಕಚ್ಚಿದ್ದು ಬೆಟ್ಟದಲ್ಲಿ ಇನ್ನಷ್ಟು ಕಚ್ಚುತ್ತದೆ.

ಎರಡನೆಯದು ನೋಡಲಿಕ್ಕೆ ಉಪಕಾರದ ಮಾತು, ಅದಕ್ಕೇ ಹೆಚ್ಚು ಕೆಟ್ಟದ್ದು. ನಮ್ಮಲ್ಲಿ ನಡೆಯುವುದು ಬ್ರಿಟಿಷರು ಬಿಟ್ಟುಹೋದ ನಂಬರು, ಒಂದೊಂದು ನಂಬರಿಗೂ ಉದ್ದದಲ್ಲಿ ಅಂಗುಲದ ಮೂರನೇ ಒಂದು ಭಾಗದ ಅಂತರ. ಎರಡು ನಂಬರು ಮೇಲೇರಿದರೆ ಉದ್ದ ಸುಮಾರು 17 ಮಿಲಿಮೀಟರ್ ಬೆಳೆಯುತ್ತದೆ. ಅಗಲ ಬೆಳೆಯುವುದು ಅದರ ಕಾಲಂಶದ ಆಸುಪಾಸು. ಅಂದರೆ ಕಾಲಿಗೆ ಅಗಲ ಬೇಕೆಂದು ಹೋದವನು ದುಡ್ಡು ಕೊಟ್ಟು ಉದ್ದ ತರುತ್ತಾನೆ.

ಅಗಲ ನಮಗೆ ಬೇಕೇ ಬೇಕು. ಚಿಕ್ಕಂದಿನಿಂದ ಬರಿಗಾಲಲ್ಲಿ ಗದ್ದೆಯ ಬದು, ತೋಟದ ಮಣ್ಣು ತುಳಿದವರ ಪಾದ ಬೆರಳುಗಳ ಬುಡದಲ್ಲಿ ಹರಡಿಕೊಂಡಿರುತ್ತದೆ. ಇದು ಬರೀ ಕಣ್ಣಂದಾಜಿನ ಮಾತಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿತು. ಯುರೋಪ್, ಅಮೆರಿಕದವರ ಪಾದಕ್ಕಿಂತ ಭಾರತೀಯರ ಪಾದ ಅಗಲ ಎಂದು ಆ ಸಮೀಕ್ಷೆ ಹೇಳಿತು. ಜನ ಉದ್ದದ ಬೂಟು ಕೊಂಡು ದಾರ ಬಿಗಿದು ಕಟ್ಟಿ ಸುಧಾರಿಸುತ್ತಿದ್ದಾರೆ ಎಂಬುದೂ ಅಲ್ಲಿ ಕಂಡುಬಂತು. ಅದರ ಆಧಾರದ ಮೇಲೆ ‘ಭಾ’ ಎಂಬ ನಮ್ಮದೇ ಅಳತೆಯ ಪದ್ಧತಿಯ ಪ್ರಸ್ತಾವವೂ ಆಯಿತು. ನಮ್ಮ ಕಡೆಯ ಅಂಗಡಿಗಳಲ್ಲಿ ಕೇಳುವುದು ಮಾತ್ರ ಇನ್ನೂ ಅದೇ ಏಳು, ಎಂಟು, ಒಂಬತ್ತು.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಸಣ್ಣ ಊರಿನ ಅಂಗಡಿಯಲ್ಲಿ ಅವರಿಗೆಂದು ಬೆಟ್ಟದ ಬೂಟು ಇಡುವವರು ಅಪರೂಪ. ಗಂಡಸರ ಆರನೇ ನಂಬರನ್ನೇ ಕಟ್ಟಿ ಕಳಿಸುತ್ತಾರೆ. ಹೆಂಗಸರ ಹಿಮ್ಮಡಿ ಪಾದದ ಮುಂಭಾಗಕ್ಕೆ ಹೋಲಿಸಿದರೆ ಕಿರಿದು, ಹಾಗಾಗಿ ಮುಂದೆ ಸರಿಹೋದ ಬೂಟು ಹಿಂದೆ ಲೊಡಲೊಡ.

ಉದ್ದದ ಬೂಟಿನ ಬಣ್ಣ ಬಯಲಾಗುವುದು ಇಳಿಯುವಾಗ. ಕುಮಾರಪರ್ವತದ ಎತ್ತರ 1712 ಮೀಟರ್. ತುದಿ ಮುಟ್ಟಿ ಕುಕ್ಕೆಗೆ ಮರಳುವವರು ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಇಳಿಯಬೇಕು. ಹತ್ತುವಾಗ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಎದ್ದು ತಿಕ್ಕಿ ಗುಳ್ಳೆಯಾಗುತ್ತದೆ. ಇಳಿಯುವಾಗ ಇಡೀ ಪಾದ ಮುಂದಕ್ಕೆ ಜಾರಿ ಉಗುರು ತುದಿಗೆ ಬಡಿಯುತ್ತದೆ. ಒಂದೆರಡು ತಾಸಿನ ಬಡಿತಕ್ಕೆ ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ, ತಿಂಗಳ ಮೇಲೆ ಉಗುರೇ ಕಳಚುತ್ತದೆ. “ಬೂಟು ಚಿಕ್ಕದಾಯ್ತು” ಎಂದುಕೊಂಡು ಮುಂದಿನ ಸಲ ಹತ್ತು ನಂಬರು ಕೊಳ್ಳುವವರಿದ್ದಾರೆ!

ಹಾಗಾದರೆ ನೋಡಿ ಕೊಳ್ಳುವುದು ಹೇಗೆ? ನಡೆದಷ್ಟೂ, ಹೊತ್ತು ಏರಿದಷ್ಟೂ ಪಾದ ಊದುತ್ತದೆ, ಆದ್ದರಿಂದ ಅಂಗಡಿಗೆ ಸಂಜೆ ಹೋಗಬೇಕು, ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ಜೊತೆಗೆ ಒಯ್ಯಬೇಕು. ನನಗೆ ತೀರಾ ನಂಬಿಕೆಯ ಪರೀಕ್ಷೆ ಎಂದರೆ ಒಳಗಿನ ಮೆತ್ತೆಯನ್ನು ಹೊರಗೆಳೆದು, ನೆಲಕ್ಕಿಟ್ಟು, ಅದರ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲುವುದು. ಕಿರುಬೆರಳು ಅಂಚು ದಾಟಿ ನೆಲ ಮುಟ್ಟಿದರೆ ಆ ಬೂಟಿನ ಮಾತೇ ಬೇಡ, ಅದು ಎಷ್ಟೇ ಹೆಸರಿನ ಕಂಪನಿಯದಾಗಿರಲಿ. ಬೆರಳ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಎರಡೂ ಕಾಲಿಗೆ ಹಾಕಿ, ದಾರ ಕಟ್ಟಿ, ಅಂಗಡಿಯ ಮೆಟ್ಟಿಲನ್ನು ಹತ್ತಾರು ಸಲ ಇಳಿದು ನೋಡಿ. ಬೆರಳು ತುದಿಗೆ ತಾಕಕೂಡದು. ಮಾಲೀಕರು ಮುಖ ಸಿಂಡರಿಸಿದರೆ ಸಿಂಡರಿಸಲಿ. ದಾರವನ್ನು ಬೆರಳ ಕಡೆ ಸಡಿಲ ಬಿಟ್ಟು ಹರಡಿನ ಹತ್ತಿರ ಬಿಗಿಯುವುದೂ ಒಂದು ವಿದ್ಯೆ. ಎಲ್ಲಕ್ಕೂ ಮೇಲಿನ ತೂತು ಸುಮ್ಮನೆ ಕೊರೆದದ್ದಲ್ಲ. ಅದರಲ್ಲಿ ಕುಣಿಕೆ ಮಾಡಿ ದಾರ ತೂರಿಸಿ ಎಳೆದರೆ ಹಿಮ್ಮಡಿ ಕದಲುವುದಿಲ್ಲ.

ಇನ್ನು ಹರಡು ಮುಚ್ಚುವ ಎತ್ತರದ, ನೀರು ಬಿಡದ ಬೂಟಿನ ವ್ಯಾಮೋಹ. ಹಿಮಾಲಯಕ್ಕೆ ಸರಿ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಅದು ತಪ್ಪು ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಡ್ಲುಮನೆ ಜಲಪಾತದ ಮಗ್ಗುಲಲ್ಲಿ ಕೊಡಚಾದ್ರಿ ಹತ್ತುವಾಗ ನೀರು ಬೂಟಿನ ಬಾಯಿಯಿಂದಲೇ ಒಳಗಿಳಿಯುತ್ತದೆ. ಹೊರಗಿನ ನೀರು ತಡೆಯುವ ಪೊರೆ ಆಗ ಒಳಗಿನ ನೀರನ್ನೂ ಹೊರಬಿಡುವುದಿಲ್ಲ, ದಿನವಿಡೀ ಕಾಲು ನೆನೆದು ಚರ್ಮ ಬಿಳಚಿ ಗುಳ್ಳೆ ಏಳುತ್ತದೆ. ಎತ್ತರದ ಬೂಟಿದ್ದರೆ ಕಾಲು ಉಳುಕುವುದಿಲ್ಲ ಎಂಬ ನಂಬಿಕೆಗೂ ಗಟ್ಟಿ ಆಧಾರ ಕಡಿಮೆ. 1993ರಲ್ಲಿ ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ಆಡುವ 600ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನು ಗಮನಿಸಿದ ಅಧ್ಯಯನದಲ್ಲಿ, ಎತ್ತರದ ಬೂಟಿಗೂ ಗಿಡ್ಡ ಬೂಟಿಗೂ ಉಳುಕಿನ ವಿಷಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಬಳಕ್ಕೂ ಎತ್ತರದ ಬೂಟು ಲೆಕ್ಕಕ್ಕಿಲ್ಲ. ಅದಕ್ಕೆ ಮೊಣಕಾಲಿನವರೆಗಿನ ಬಟ್ಟೆಯ ಇಂಬಳದ ಸಾಕ್ಸೇ ಬೇಕು.

“ದೀಪಾವಳಿಗೆ ದೇವೀರಮ್ಮನ ಬೆಟ್ಟವನ್ನು ಜನ ಬರಿಗಾಲಲ್ಲೇ ಹತ್ತುವುದಿಲ್ಲವೇ?” ಎಂದು ಕೇಳುವವರು ಇದ್ದೇ ಇರುತ್ತಾರೆ. ಹತ್ತುತ್ತಾರೆ, ನಿಜ. ಅವರ ಕಾಲು ನೋಡಿದವರಿಗೆ ಗೊತ್ತು, ಜಾರುವ ಕಡೆ ಐದೂ ಬೆರಳು ಹರಡಿ ನೆಲ ಕಚ್ಚುತ್ತವೆ. ಬೂಟೇ ಬೇಡ ಎನ್ನಲು ಅದು ಸಾಕ್ಷಿಯಾಗದು, ಬೂಟಿನೊಳಗೂ ಬೆರಳಿಗೆ ಹರಡಲು ಜಾಗ ಬೇಕು ಎನ್ನಲು ಆಗುತ್ತದೆ.

ಹಿಡಿತದ ವಿಷಯಕ್ಕೆ ಬಂದರೆ ಬೆಲೆಗೂ ಗುಣಕ್ಕೂ ಸಂಬಂಧ ಸಡಿಲ. 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಸಂಗಾತಿಗಳನ್ನು ಕಳೆದುಕೊಂಡ ಇಟಲಿಯ ವಿತಾಲೆ ಬ್ರಮಾನಿ ಎರಡು ವರ್ಷದಲ್ಲಿ ರೂಪಿಸಿದ ಆಳ ಕಚ್ಚಿನ ರಬ್ಬರ್ ಅಟ್ಟೆಯೇ ವೈಬ್ರಮ್. ಆದರೆ ಪಾಚಿಗಟ್ಟಿದ ಒದ್ದೆ ಬಂಡೆಯ ಮೇಲೆ ಕಚ್ಚಿನ ಆಳಕ್ಕಿಂತ ರಬ್ಬರಿನ ಮೆದುತನ ಮುಖ್ಯ. ಮಹಾರಾಷ್ಟ್ರದ ಸಹ್ಯಾದ್ರಿ ಸುತ್ತುವವರು ಆ್ಯಕ್ಷನ್ ಕಂಪನಿಯ ಅಗ್ಗದ ಟ್ರೆಕ್ಕಿಂಗ್ ಶೂ ಬಿಟ್ಟುಕೊಡದಿರುವುದು ಇದಕ್ಕೇ. ಅಟ್ಟೆಗೆ ಉಗುರು ಊರಿದರೆ ಸ್ವಲ್ಪವಾದರೂ ತಗ್ಗಬೇಕು.

ನಮ್ಮ ಬೆಟ್ಟಗಳಿಗೆ ಗಿಡ್ಡ, ಹಗುರ, ನೀರು ಸೋರಿಹೋಗುವ, ಮೆದು ರಬ್ಬರಿನ, ಬೆರಳ ಬುಡದಲ್ಲಿ ಅಗಲವಾದ ಬೂಟು ಸಾಕು. ಕೊಂಡಮೇಲೆ ಹೊಲಕ್ಕೆ, ಸಂತೆಗೆ ಒಂದೆರಡು ವಾರ ಹಾಕಿಕೊಂಡು ತಿರುಗಿ. ಮನೆಯಲ್ಲಿ ಹಳೆಯ ಜೋಡಿ ಇದ್ದರೆ ಇನ್ನೊಂದು ಎಚ್ಚರ: ಅಟ್ಟೆಯೊಳಗಿನ ಪಾಲಿಯುರೆಥೇನ್ ಪದರ ನಾಲ್ಕೈದು ವರ್ಷ ಮೂಲೆಯಲ್ಲಿ ಬಿದ್ದಿದ್ದರೆ ತೇವ ಹೀರಿ ತಾನಾಗಿ ಪುಡಿಯಾಗುತ್ತದೆ, ನೋಡಲು ಮಾತ್ರ ಹೊಸದರಂತಿರುತ್ತದೆ. ದಸರಾ ರಜೆಗೆ ಹೊರಡುವ ಮುನ್ನ ಅದನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಬಿರುಕು ಕಂಡರೆ ಬೆಟ್ಟಕ್ಕೆ ತರಬೇಡಿ.