ಸಾಹೇಬನ ನಾಣ್ಯ, ಅವ್ವನ ಪುತಳಿ ಸರ

ಹಳೆಯ ನಾಣ್ಯಗಳ ಮೇಲಿನ ಪುಸ್ತಕ ಹೆಣ್ಣುಮಕ್ಕಳಿಗೇಕೆ ಎಂದು ನೀವು ಕೇಳಬಹುದು. ನಾನು ಅದನ್ನು ಕೈಗೆತ್ತಿಕೊಂಡದ್ದೂ ಶಾಲೆಯ ಕೆಲಸಕ್ಕೆಂದೇ. ಏಳನೆಯ ಇಯತ್ತೆಯ ಮಕ್ಕಳನ್ನು ಲಕ್ಕುಂಡಿಗೆ ಕರೆದೊಯ್ಯಬೇಕಿತ್ತು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ವಿಷಯ ನನಗೆ ಬಾಯಿಪಾಠ. ಆದರೆ ಅಲ್ಲಿ ಚಾಲುಕ್ಯರ ಕಾಲದಲ್ಲಿ ಟಂಕಸಾಲೆ ಇತ್ತಲ್ಲ, ಅದರ ಬಗ್ಗೆ ಮಕ್ಕಳು ಕೇಳಿದರೆ ಏನು ಹೇಳಲಿ ಎಂದು ಹುಡುಕುತ್ತಿದ್ದಾಗ ಸರ್ ವಾಲ್ಟರ್ ಎಲಿಯಟ್‌ನ ‘ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ’ ಸಿಕ್ಕಿತು. 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಇಂಗ್ಲಿಷ್ ಗ್ರಂಥ. ಓದಿ ಮುಗಿಸಿದಾಗ ಎಲಿಯಟ್‌ನ ಮೇಲೆ ಗೌರವವೂ ಹುಟ್ಟಿತು, ಸಿಟ್ಟೂ ಬಂತು. ಎರಡನ್ನೂ ಹೇಳಬೇಕು.

ಮೊದಲು ಗೌರವದ ಮಾತು. 1803ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈತ ಕಂಪನಿ ಸರ್ಕಾರದ ನೌಕರಿ ಹಿಡಿದು, ಇಪ್ಪತ್ತರ ಹರೆಯದಲ್ಲಿ ನಮ್ಮ ಧಾರವಾಡ ಸೀಮೆಗೆ ಬಂದ. ಕಿತ್ತೂರಿನ ದೊರೆ ತೀರಿಕೊಂಡ ಮೇಲೆ ಕಲೆಕ್ಟರ್ ಥ್ಯಾಕರೆ ಅಲ್ಲಿಯ ಭಂಡಾರಕ್ಕೆ ಮುದ್ರೆ ಹಾಕಿಸಿದನಷ್ಟೆ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಅವನ ಕೈಕೆಳಗಿನ ಇಬ್ಬರು ಚೆನ್ನಮ್ಮನಿಗೆ ಸೆರೆಸಿಕ್ಕರು. ಆ ಇಬ್ಬರಲ್ಲಿ ಒಬ್ಬ ಈ ಎಲಿಯಟ್. ರಾಣಿ ಅವನ ಕೂದಲು ಕೊಂಕಿಸಲಿಲ್ಲ. ಡಿಸೆಂಬರಿನಲ್ಲಿ ಜೀವಂತ ಬಿಟ್ಟು ಕಳಿಸಿದಳು. ಆ ದಿನ ಅವಳ ಮನಸ್ಸು ಬೇರೆಯಾಗಿದ್ದರೆ ಈ ಪುಸ್ತಕವೇ ಇರುತ್ತಿರಲಿಲ್ಲ.

ಬದುಕಿ ಉಳಿದವನು 1833ರವರೆಗೂ ಇದೇ ಸೀಮೆಯಲ್ಲಿದ್ದ. ಊರೂರಿನ ಕಲ್ಲುಗಳ ಮೇಲಿನ ಬರಹ ಓದಿಸಿ, 595 ಶಾಸನಗಳ ಪ್ರತಿಗಳನ್ನು ಕೂಡಿಸಿದ. ಚಾಲುಕ್ಯರ ವಂಶಾವಳಿಯನ್ನು ವಿದ್ವಾಂಸರು ಕಟ್ಟಿ ನಿಲ್ಲಿಸಲು ಇದು ದೊಡ್ಡ ಆಧಾರವಾಯಿತು. ಜೊತೆಗೇ ನಾಣ್ಯದ ಹುಚ್ಚೂ ಹಿಡಿಯಿತು. ನಾಣ್ಯಗಳ ಮೇಲೆ ಅವನು ಈ ಗ್ರಂಥ ಬರೆದದ್ದು ಎಂಬತ್ತು ದಾಟಿದ ಮೇಲೆ, ಕಣ್ಣು ಬಹುಮಟ್ಟಿಗೆ ಹೋದ ಕಾಲದಲ್ಲಿ. ಅಚ್ಚಾದ ಮರುವರ್ಷ ತೀರಿಕೊಂಡ. ಕಣ್ಣಿಗೆ ಕಾಣದ ನಾಣ್ಯಗಳನ್ನು ನೆನಪಿನಿಂದ, ಬೆರಳಿನಿಂದ ಗುರುತಿಸುತ್ತ ಕುಳಿತ ಮುದುಕನನ್ನು ನೆನೆದರೆ ಯಾರಿಗಾದರೂ ಮನಸ್ಸು ಕರಗುತ್ತದೆ.

ಪುಸ್ತಕದ ಗುಣವೂ ಸಣ್ಣದಲ್ಲ. ಚಾಲುಕ್ಯರ ಲಾಂಛನವಾದ ಹಂದಿಯಿಂದಲೇ ‘ವರಹ’ ಎಂಬ ಹೆಸರು ಬಂತೆಂಬುದನ್ನು, ಬಂಗಾರದ ತೂಕ ಕಾಳು-ಬೀಜಗಳಿಂದ ಬೆಳೆದು ಬಂದದ್ದನ್ನು ಅವನು ಬಿಡಿಸಿ ಹೇಳುತ್ತಾನೆ. ನಮ್ಮ ಪತ್ತಾರರು ಗುಲಗಂಜಿಯಿಂದ ತೂಗುತ್ತಿದ್ದುದನ್ನು ಕಂಡವರಿಗೆ ಆ ಭಾಗ ಬಲು ಸೊಗಸು. ಕೆಲವು ನಾಣ್ಯಗಳು ಯಾವ ವಂಶದವೆಂಬ ಅವನ ತೀರ್ಮಾನವನ್ನು ಮುಂದಿನವರು ತಿದ್ದಿದ್ದಾರೆ. ಮೊದಲು ದಾರಿ ಮಾಡಿದವನಿಗೆ ಅದು ಕುಂದಲ್ಲ.

ಇನ್ನು ಸಿಟ್ಟಿನ ಮಾತು. ಶಾಸನವನ್ನು ನಕಲು ಮಾಡಿಸುವಾಗ ಅದು ಯಾವ ಊರಿನದು ಎಂದು ಮರೆಯದೆ ಬರೆಸಿದ ಮನುಷ್ಯ, ನಾಣ್ಯದ ಹತ್ತಿರ ಬಂದಾಗ ಆ ಎಚ್ಚರವನ್ನು ಅಷ್ಟಾಗಿ ತೋರುವುದಿಲ್ಲ. ಅಲ್ಲಲ್ಲಿ ಊರಿನ ಹೆಸರು ಬರುತ್ತದೆ, ನಿಜ. ಆದರೆ ಯಾರ ಹೊಲದ ಗಡಿಗೆಯಲ್ಲಿತ್ತು, ಯಾವ ಸರಾಫನ ಕೈ ದಾಟಿತು, ಅದಕ್ಕೂ ಮೊದಲು ಯಾರ ಕೊರಳಲ್ಲಿತ್ತು? ಈ ಪ್ರಶ್ನೆಗಳು ಪುಸ್ತಕಕ್ಕೆ ಬೇಕಾಗಿಯೇ ಇಲ್ಲ. ರಾಜರ ಹೆಸರುಗಳು ಸಾಲಾಗಿ ನಿಂತಿವೆ. ನಾಣ್ಯವನ್ನು ಕಾಯ್ದವರು ಒಬ್ಬರೂ ಇಲ್ಲ.

ಇಷ್ಟು ಸಿಟ್ಟೇಕೆಂದರೆ, ನಮ್ಮ ಮನೆಯಲ್ಲಿಯೇ ಹಾಗಾಗಿದೆ. ತೊಂಬತ್ತರ ದಶಕದಲ್ಲಿ ನನ್ನ ಬಿ.ಎಡ್. ಫೀಗೆಂದು ಅವ್ವ ತನ್ನ ಪುತಳಿ ಸರ ತೆಗೆದಳು. ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ ಗದಗಿಗೆ ಬಂದು ಒಂದು ಸರಾಫ ಅಂಗಡಿಯ ಮುಂದೆ ಕುಳಿತೆವು. ವೆನಿಸ್ಸಿನ ಬಂಗಾರದ ನಾಣ್ಯ ನಮ್ಮ ಕಡೆ ಪುತಳಿ ಎಂದು ಹೆಸರಾಗಿ, ಆಮೇಲೆ ಅದೇ ಅಚ್ಚಿನ ಬಿಲ್ಲೆಗಳನ್ನು ನಮ್ಮ ಪತ್ತಾರರೂ ಮಾಡತೊಡಗಿದರೆಂಬುದು ಆಗ ನಮಗೆಲ್ಲಿ ಗೊತ್ತು! ಸರದ ನಡುವೆ ಒಂದು ಬಿಲ್ಲೆ ಮಾತ್ರ ಬೇರೆ ತೆರನಾಗಿತ್ತು. ತುಸು ಬಟ್ಟಲಿನಂತೆ ತಗ್ಗಾಗಿ, ಅಲ್ಲಲ್ಲಿ ಗುರುತು ಒತ್ತಿದ್ದು. ಅವ್ವನಿಗೆ ಅದು ಅವಳ ಅತ್ತೆಯಿಂದ ಬಂದದ್ದು.

“ಅಕ್ಕಾರ, ಇದಕ್ಕ ಬ್ಯಾರೆ ರೇಟ್ ಇಲ್ರಿ. ಕರಗಿಸಿದ್ರ ಎಲ್ಲಾ ಒಂದ ಬಂಗಾರ,” ಎಂದರು ಅಂಗಡಿಯವರು.

ಅವ್ವ ಒಂದು ಗಳಿಗೆ ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು. “ಆತ್ರೀ ಅಣ್ಣಾರ, ತೂಗ್ರಿ” ಎಂದಳು. ಬೆಸುಗೆಯ ತೂಕ ಕಳೆದು ರೊಕ್ಕ ಎಣಿಸಿ ಕೊಟ್ಟರು. ಅದರಿಂದ ನಾನು ಮಾಸ್ತರಿಕೆಗೆ ಬಂದೆ. ಆ ಬಿಲ್ಲೆ ಏನಾಗಿತ್ತೆಂದು ಹೇಳುವವರು ಇಂದು ಯಾರೂ ಇಲ್ಲ. ಎಲಿಯಟ್‌ನ ಪುಸ್ತಕದಲ್ಲಿ ಗುರುತು ಒತ್ತಿದ ಬಂಗಾರದ ನಾಣ್ಯಗಳ ಚಿತ್ರ ಕಂಡ ದಿನ ನನಗೆ ಊಟ ಸೇರಲಿಲ್ಲ.

ಆ ಅಂಗಡಿಯವರನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಹಳೆಯ ನಾಣ್ಯದ ಆಯುಷ್ಯ ಯಾವ ಕಾಲಕ್ಕೂ ಸರಾಫನ ಕಟ್ಟೆಯ ಮೇಲೆಯೇ ತೀರ್ಮಾನವಾಗಿದೆ. ಅವನಿಗೆ ಗುರುತು ತಿಳಿದಿದ್ದರೆ ಸಂಗ್ರಹಕಾರನ ಕೈಗೆ, ಇಲ್ಲದಿದ್ದರೆ ಮೂಸೆಗೆ. ಕಾನೂನು ಬಂದದ್ದು ತಡವಾಗಿ. ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯ್ದೆ ಹೇಳಿತು. ನೂರು ವರ್ಷ ದಾಟಿದ ವಸ್ತುಗಳ ವ್ಯಾಪಾರಕ್ಕೆ ಲೈಸನ್ಸ್ ಬೇಕೆಂದು, ಅವು ಪರದೇಶಕ್ಕೆ ಹೋಗಕೂಡದೆಂದು 1972ರ ಕಾಯ್ದೆ ಹೇಳಿತು. ಎಲಿಯಟ್‌ನ ಸಂಗ್ರಹ ಅಷ್ಟರೊಳಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿಯಾಗಿತ್ತು. ಇಲ್ಲೇ ಇದ್ದಿದ್ದರೆ ಅವೂ ಮೂಸೆಗೆ ಬೀಳುತ್ತಿದ್ದವೇನೋ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ನಮ್ಮದನ್ನು ಕರಗಿಸಿದವರು ನಾವೇ.

ಡಾ. ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ಬರೆದು, ಕರ್ನಾಟಕದ ನಾಣ್ಯಗಳಿಗೆಂದೇ ಒಂದು ಇತಿಹಾಸ ಕೊಟ್ಟರು. ಗದ್ಯಾಣ, ಪಣ, ಹಾಗ, ವೀಸ ಎಂಬ ಹೆಸರುಗಳು ನಮ್ಮ ಶಾಸನಗಳಲ್ಲಿ ದೇವರ ದೀಪದ ಎಣ್ಣೆಗೆ, ತೋಟದ ತೆರಿಗೆಗೆ ಬಂದವು. ಹಾಗೆ ಓದಿದಾಗ ನಾಣ್ಯಕ್ಕೆ ಸಂಸಾರದ ವಾಸನೆ ಬರುತ್ತದೆ. ಆದರೂ ಕೊರಳಿನ ಸರದಲ್ಲಿ, ದೇವರ ಜಗಲಿಯ ಡಬ್ಬಿಯಲ್ಲಿ ನಾಣ್ಯ ಉಳಿಸಿದ ಹೆಂಗಸರ ಚರಿತ್ರೆ ಇನ್ನೂ ಬರೆಯುವುದಿದೆ. ಅದು ನಮ್ಮ ಕೈಯಲ್ಲಿದೆ.

ಆದ್ದರಿಂದ ಒಂದು ಮಾತು ಕೇಳುತ್ತೇನೆ. ಹಳೆಯ ಸರ ಮುರಿಸಲು ಹೊರಡುವ ಮುನ್ನ ಪ್ರತಿ ಬಿಲ್ಲೆಯನ್ನೂ ಎರಡೂ ಬದಿ ತಿರುವಿ ನೋಡಿರಿ. ಒಂದು ಫೋಟೋ ತೆಗೆಯಿರಿ. ಯಾರಿಂದ ಬಂತು, ಯಾವ ಊರಿನದು ಎಂದು ವಹಿಯಲ್ಲಿ ಬರೆದಿಡಿರಿ. ತಿಳಿದವರಿಗೆ ತೋರಿಸಿರಿ. ಆಮೇಲೆ ಮಾರುವುದು, ಬಿಡುವುದು ನಿಮ್ಮ ಮನೆಯ ಕಷ್ಟಕ್ಕೆ ಬಿಟ್ಟದ್ದು. ಮಗಳ ಓದಿಗೆ ಬಂಗಾರ ತೆಗೆದ ಅವ್ವ ತಪ್ಪು ಮಾಡಿದಳೆಂದು ನಾನೆಂದೂ ಅನ್ನಲಾರೆ. ಒಂದು ಸಾಲು ಬರೆದಿಟ್ಟುಕೊಳ್ಳಲಿಲ್ಲವಲ್ಲ ಎಂಬುದಷ್ಟೇ ನನ್ನ ಕೊರಗು. ಬರೆಯಲು ಬರುತ್ತಿದ್ದವಳು ನಾನು.