ಬೆರಳ ತುದಿಯ ಹಿನ್ನೀರು

ಸೀರೆ ಅಂಗಡಿಯಲ್ಲಿ ನಾವು ಹೆಣ್ಣುಮಕ್ಕಳು ಎಷ್ಟು ಕಟ್ಟುನಿಟ್ಟಿನ ವಿಮರ್ಶಕರು! ಸೆರಗು ಬಿಚ್ಚಿಸಿ, ಒಳಬದಿ ತಿರುವಿ, ಬಾಗಿಲ ಬೆಳಕಿಗೆ ಹಿಡಿದು, ಬಣ್ಣ ಬಿಡುತ್ತದೋ ಎಂದು ಮೂರು ಸಲ ಕೇಳಿ, ಅಂಗಡಿಯವನ ತಾಳ್ಮೆ ತೀರುವತನಕ ಬಿಡುವುದಿಲ್ಲ. ಅದೇ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣದ ನಕಾಶೆಯೊಂದು ಕಂಡರೆ ಮಾತೇ ಹೊರಡುವುದಿಲ್ಲ. ಅಂಕಿಸಂಖ್ಯೆಗಳನ್ನು ಚಿತ್ರವಾಗಿಸಿ, ಬೆರಳಾಡಿಸಿದಂತೆಲ್ಲ ಬದಲಾಗುವ ಹಾಗೆ ಮಾಡಿದ ಇಂಥ ಸಾಧನಗಳು ಈಗ ಮಳೆಗೆ, ರೋಗಕ್ಕೆ, ಚುನಾವಣೆಗೆ, ಆಣೆಕಟ್ಟಿನ ನೀರಿಗೆ, ಎಲ್ಲದಕ್ಕೂ ಬಂದಿವೆ. ಕಥೆ ಕವಿತೆಗೆ ವಿಮರ್ಶೆಯಿದ್ದ ಹಾಗೆ ಇವಕ್ಕೂ ಒಂದು ಬೇಡವೇ?

ಅಂಥದೊಂದು ಸಾಧನವನ್ನು ನನ್ನ ಅಕ್ಕನ ಮಗಳು ಗೆಳತಿಯರೊಡನೆ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿ ಮಾಡಿದಳು. ವಿಷಯ ನಮ್ಮ ಮನೆಬಾಗಿಲಿನದೇ. ಕೃಷ್ಣೆ ನಮ್ಮ ಚಿಕ್ಕಪಡಸಲಗಿಯನ್ನು ದಾಟಿ ಕೆಳಗೆ ಹೋಗಿ ಆಲಮಟ್ಟಿಯಲ್ಲಿ ನಿಲ್ಲುತ್ತಾಳೆ. ಅಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರು. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಅವಕಾಶ ಕೊಟ್ಟಿತು. ಅಂದಿನಿಂದ ಈ ಎರಡು ಸಂಖ್ಯೆಗಳನ್ನು ಓದದ ದಿನವಿಲ್ಲ. ಆದರೆ ಇವೆರಡರ ನಡುವೆ ಹದಿನೈದು ಅಡಿ ನೀರಿದೆ ಎಂದು ಎಷ್ಟು ಜನರಿಗೆ ಹೊಳೆದೀತು? ನನಗಂತೂ ಹುಡುಗಿಯ ಪರದೆ ನೋಡಿದ ಮೇಲೆಯೇ ಹೊಟ್ಟೆಯಲ್ಲಿ ಕಲಸಿದಂತಾಯಿತು. ಕೆಳಗೊಂದು ಗೆರೆ, ಗೆರೆಯ ಮೇಲೊಂದು ಗುಂಡು. ಗುಂಡನ್ನು ಬಲಕ್ಕೆ ತಳ್ಳಿದರೆ ಹೊಳೆಯ ನೀಲಿ ಅಗಲವಾಗುತ್ತ ಹೊಲಕ್ಕೆ, ದಾರಿಗೆ, ಓಣಿಗೆ ಬರುತ್ತದೆ. ದಶಾಂಶದ ಬಲಗಡೆ ಅಡಗಿ ಕೂತ ಸಂಕಟವನ್ನು ಕಣ್ಣಿಗೆ ತಂದ ಈ ಮೆಚ್ಚುಗೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ.

ಇನ್ನು ಸೆರಗಿನ ಒಳಬದಿ.

ಊರುಗಳನ್ನು ದುಂಡನೆಯ ಬೊಟ್ಟುಗಳಿಂದ ತೋರಿಸಿದ್ದರು. ಎರಡು ಪಟ್ಟು ಜನರಿದ್ದ ಊರಿಗೆ ಎರಡು ಪಟ್ಟು ಅಗಲದ ಬೊಟ್ಟು. ಸರಿಯಲ್ಲವೇ ಅನಿಸಬಹುದು. ರೊಟ್ಟಿ ಬಡಿಯುವವರನ್ನು ಕೇಳಿ: ಅಷ್ಟೇ ದಪ್ಪ ಇಟ್ಟುಕೊಂಡು ರೊಟ್ಟಿಯ ಅಗಲ ಇಮ್ಮಡಿ ಮಾಡಿದರೆ ಹಿಟ್ಟು ನಾಲ್ಕು ಪಟ್ಟು ಬೇಕು. ಕಣ್ಣು ನೋಡುವುದು ಹಿಟ್ಟನ್ನು, ಅಗಲವನ್ನಲ್ಲ. ಫ್ಲಾರೆನ್ಸ್ ನೈಟಿಂಗೇಲ್‌ರನ್ನು ನಾವು ದೀಪ ಹಿಡಿದ ದಾದಿಯೆಂದಷ್ಟೇ ಪಾಠದಲ್ಲಿ ಓದಿದ್ದೇವೆ. ಆಕೆ 1858ರಲ್ಲಿ ಸೈನಿಕರ ಸಾವುಗಳನ್ನು ಚಿತ್ರದಲ್ಲಿ ತೋರಿಸಿದಾಗ ಒಂದೊಂದು ಹೋಳಿನ ವಿಸ್ತೀರ್ಣವನ್ನೇ ಸಂಖ್ಯೆಯಾಗಿಸಿದ್ದರು. ವಿಸ್ತೀರ್ಣವನ್ನಾದರೂ ಕಣ್ಣು ಅಷ್ಟು ನಿಖರವಾಗಿ ಓದಲಾರದು, ಒಂದೇ ಅಳತೆಗೋಲಿನ ಮೇಲಿನ ಎತ್ತರವನ್ನು ಚೆನ್ನಾಗಿ ಓದುತ್ತದೆ ಎಂದು 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದರು. ನಮ್ಮವರಿಗೆ ಇದು ಹೊಸದಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜು ನಮ್ಮೂರಲ್ಲಿದೆಯಲ್ಲ, ಅದರ ಕಂಬದಲ್ಲಿ ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿಯೇ ಹೊಳೆಯ ಮಾತಾಡುವವರು ನಾವು. ಇಷ್ಟೆಲ್ಲ ಬಣ್ಣ ಬಳಿದ ಹುಡುಗಿಯರಿಗೆ ಪರದೆಯ ಮೂಲೆಯಲ್ಲಿ ಅಂಥದೊಂದು ಕಂಬ ಬರೆಯುವುದು ಹೊಳೆಯಲಿಲ್ಲ.

ಆದರೆ ಬೊಟ್ಟು, ಕಂಬ ಇವೆಲ್ಲ ಸಣ್ಣ ಮಾತು. ದೊಡ್ಡ ಮಾತು ಆ ನೀಲಿಯ ಅಂಚಿನದು. ಅದು ಚೂರಿಯಿಂದ ಕೊಯ್ದ ಹಾಗೆ ಎರಡು ಮನೆಗಳ ನಡುವೆ ಹಾದುಹೋಗುತ್ತದೆ. ಗುಂಡೋ, ಹತ್ತು ಹತ್ತು ಸೆಂಟಿಮೀಟರಿನ ಹೆಜ್ಜೆ ಇಡುತ್ತದೆ! ನೆಲದ ಎತ್ತರಗಳನ್ನು ಎಲ್ಲಿಂದ ತಂದಿರಿ ಎಂದು ಕೇಳಿದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರಾಡಾರಿನಿಂದ ಅಳೆದ ಲೆಕ್ಕವಂತೆ. ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಒಳ್ಳೆಯದೇ. ಆದರೆ ಅದರಲ್ಲಿ ಸುಮಾರು ಮೂವತ್ತು ಮೀಟರಿನ ಒಂದು ಚೌಕಕ್ಕೆ ಒಂದೇ ಎತ್ತರ. ಆ ಚೌಕದಲ್ಲಿ ನಿಮ್ಮ ಮನೆ, ದನದ ಕೊಟ್ಟಿಗೆ, ಬಣವೆ, ಬೇವಿನ ಮರ ಎಲ್ಲ ಸೇರಿ ಒಂದೇ ಅಂಕಿ. ರಾಡಾರು ಮರದ ತಲೆಯನ್ನೂ ಮಾಳಿಗೆಯನ್ನೂ ನೆಲವೆಂದು ಎಣಿಸುವುದುಂಟು. 16 ಮೀಟರಿನೊಳಗೆ ತಪ್ಪಿದ್ದರೆ ಸಾಕೆಂದು ಆ ಯೋಜನೆಯವರೇ ಗುರಿ ಇಟ್ಟುಕೊಂಡಿದ್ದರು. ಬಯಲು ನೆಲದಲ್ಲಿ ಅದಕ್ಕಿಂತ ಬಹಳ ಚೆನ್ನಾಗಿಯೇ ಬಂದಿದೆ, ಆದರೂ ಕೆಲವು ಮೀಟರು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ನಮ್ಮ ಇಡೀ ಜಗಳವೇ ನಾಲ್ಕೂವರೆ ಚಿಲ್ಲರೆ ಮೀಟರಿನದು! ಮಣ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಿದ ಹಾಗಾಯಿತು.

ಬೆರಳಿಗೆ ಸಿಗುವ ಚಿತ್ರದ ಅಪಾಯವೇ ಇದು. ಅಚ್ಚಾದ ನಕಾಶೆಯನ್ನು ಯಾರೋ ಬರೆದದ್ದು ಎಂದು ಸಂಶಯದಿಂದ ನೋಡುತ್ತೇವೆ. ನಾವೇ ತಳ್ಳಿದ ಗುಂಡು, ನಾವೇ ಏರಿಸಿದ ನೀರು ಸುಳ್ಳಾದೀತೇ?

ಸಾಧನವನ್ನು ಪರೀಕ್ಷಿಸಿದ್ದೀರಾ ಎಂದರೆ, "ಹೂಂ ಚಿಗವ್ವ, ಕ್ಲಾಸಿನ ಐದು ಮಂದಿಗೆ ತೋರಿಸೇವಿ, ಎಲ್ಲಾರೂ ಭಾಳ ಚೆಂದ ಐತಿ ಅಂದ್ರು" ಎಂದಳು. ಹೊಸ ಸೊಸೆಯ ಅಡಿಗೆಯನ್ನು ಅವಳ ತವರಿನವರ ಕೈಯಲ್ಲಿ ಹೊಗಳಿಸಿದ ಹಾಗೆ. ಚೆಂದವೋ ಎಂದು ಕೇಳಬಾರದು, ಒಂದು ಕೆಲಸ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂಡಬೇಕು. ಹಾಗೆಂದು ನಮ್ಮ ಕಟ್ಟೆಯ ಮೇಲೆ ಮೂವರು ಹೆಂಗಸರ ಕೈಗೆ ಕೊಟ್ಟೆವು. ಪ್ರಶ್ನೆ ಒಂದೇ: ನೀರು 522ಕ್ಕೆ ಬಂದರೆ ನಿಮ್ಮ ಹಿತ್ತಲಿಗೆ ಬರುತ್ತದೋ ಇಲ್ಲವೋ?

ಇಡೀ ಜಿಲ್ಲೆಯಿಂದ ಶುರುವಾಗುವ ನಕಾಶೆಯಲ್ಲಿ ಮೂವರಿಗೂ ತಮ್ಮ ಮನೆ ಸಿಗಲಿಲ್ಲ. ಮೊದಲು ಒಟ್ಟು ನೋಟ, ಆಮೇಲೆ ಹತ್ತಿರ, ಕೊನೆಗೆ ವಿವರ ಎಂಬುದು ಈ ವಿದ್ಯೆಯಲ್ಲಿ 1996ರಿಂದ ನಡೆದುಬಂದ ಶ್ನೈಡರ್ಮನ್ ಎಂಬುವರ ಸೂತ್ರವಂತೆ. ಅಧಿಕಾರಿಗಳಿಗೆ ಅದು ಸರಿ. ನೀರು ಬರುತ್ತದೆ ಎಂದು ಹೆದರಿದವಳು ತನ್ನ ಹೊಸ್ತಿಲಿನಿಂದ ಊರ ಕಡೆ ನೋಡುತ್ತಾಳೆಯೇ ಹೊರತು ಜಿಲ್ಲೆಯಿಂದ ಹೊಸ್ತಿಲಿಗಲ್ಲ.

ಮನೆ ಹುಡುಕಿಕೊಟ್ಟ ಮೇಲೆ ಪಕ್ಕದ ಮನೆಯ ಆಯಿ ಗುಂಡನ್ನು ಹಿಂದೆ ಮುಂದೆ ತಳ್ಳಿ ನೋಡಿ, "ಇದು ನಿಂತ ನೀರೇನವಾ, ಹೊಳಿ ಬಂದಾಗಿನ ನೀರೋ?" ಎಂದಳು. ಹುಡುಗಿ ನನ್ನ ಮುಖ ನೋಡಿದಳು. ಇಂಥ ಪ್ರಶ್ನೆ ಯಾವ ಪರೀಕ್ಷಕನೂ ಕೇಳಿರಲಿಲ್ಲ. ಸಾಧನದಲ್ಲಿ ನೀರು ತಟ್ಟೆಯಲ್ಲಿ ಸುರಿದಂತೆ ಸಮವಾಗಿ ನಿಲ್ಲುತ್ತದೆ. ಮೇಲಿನಿಂದ ಪ್ರವಾಹ ನುಗ್ಗುವಾಗ ಹಾಗೆ ನಿಲ್ಲುವುದಿಲ್ಲ, ಹೊಳೆಯ ಮೇಲ್ದಂಡೆಗೆ ಅದು ಆಣೆಕಟ್ಟಿನ ಮಟ್ಟಕ್ಕಿಂತ ಎತ್ತರವಾಗಿಯೇ ಬರುತ್ತದೆ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿ ನೀರು ಬಿಡುತ್ತಿದ್ದಾಗಲೇ ನಮ್ಮ ಜಮಖಂಡಿ ಕಡೆಯ ಹೊಳೆದಂಡೆಯ ಊರುಗಳು ಮುಳುಗಿದ್ದನ್ನು ಆಯಿ ಮರೆತಿರಲಿಲ್ಲ.

ಮೂರನೆಯವಳು ಮಾತೇ ಆಡಲಿಲ್ಲ. ಮನೆಯ ಮೇಲೊಂದು ಅಂಕಣ ಕಟ್ಟಿಸಬೇಕೋ ಬೇಡವೋ ಎಂದು ಎರಡು ವರ್ಷದಿಂದ ತೂಗಾಡುತ್ತಿದ್ದವಳು ಆಕೆ. ನೀಲಿ ಗೆರೆ ತನ್ನ ಗೋಡೆಗೆ ನಾಲ್ಕು ಮಾರು ಆಚೆಗೆ ನಿಂತದ್ದನ್ನು ಕಂಡು, ಮೆಲ್ಲಗೆ, "ನಮ್ಮದು ಉಳೀತು ನೋಡ್ರಿ, ಅವರದು ಹೋತು" ಎಂದಳು. ಮರುದಿನವೇ ಇಟ್ಟಿಗೆಯ ದರ ವಿಚಾರಿಸಲು ಗಂಡನನ್ನು ಕಳಿಸಿದಳೆಂದು ತಿಳಿದು ನಾವಿಬ್ಬರೂ ಅವರ ಮನೆಗೆ ಓಡಿದೆವು. ಆ ಗೆರೆಯನ್ನು ನಂಬಬೇಡಿ ಎಂದು ತಿಳಿಸಿ ಹೇಳಲು ಒಂದು ಸಂಜೆಯೇ ಹಿಡಿಯಿತು. "ಹಂಗಾದ್ರ ಯಾಕ ಅಷ್ಟು ನೆಟ್ಟಗ ಬರದೀರಿ?" ಎಂದು ಆಕೆ ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹುಡುಗಿ ಗೆರೆಯನ್ನು ತೆಗೆದು, ನೀರು ಬಂದರೂ ಬರಬಹುದಾದಷ್ಟು ಜಾಗಕ್ಕೆಲ್ಲ ತೆಳುವಾದ ಮಸುಕು ಬಳಿದಳು. ಮಸುಕು ಅರ್ಧ ಊರನ್ನೇ ನುಂಗಿತು. ಮೊದಲಿನದೇ ಚೆಂದವಿತ್ತು ಎಂದು ಅವರ ಮೇಷ್ಟ್ರು ಎರಡು ಅಂಕ ಕಡಿಮೆ ಮಾಡಿದರಂತೆ. ಇರಲಿ. ಈಗ ಆಕೆ ರಜೆಗೆ ಬಂದಾಗಲೆಲ್ಲ ಹೊಳೆಸಾಲಿನ ಊರುಗಳಿಗೆ ಹೋಗಿ, 2019ರ ನೀರು ಗೋಡೆಯ ಮೇಲೆ ಎಲ್ಲಿತನಕ ಬಂದಿತ್ತು ಎಂದು ಮನೆಮನೆಯ ಹೆಂಗಸರನ್ನು ಕೇಳಿ, ಟೇಪು ಹಿಡಿದು ಅಳೆದು, ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ.